ಮೊದಲು ನೇರ, ಆಮೇಲೆ ಲೆಕ್ಕ
ಬೆಂಗಳೂರಿನ ಡೆಲಿವರಿ ಹುಡುಗ ಹುಡುಗಿಯರಿಗೆ ಒಬ್ಬ ಮೆಕ್ಯಾನಿಕ್‌ನ ಬಹಿರಂಗ ಪತ್ರ

ಬೆನ್ನಿಗೆ ಚೌಕದ ಚೀಲ ಕಟ್ಟಿಕೊಂಡು ಊರೆಲ್ಲ ಓಡಾಡುವ ತಮ್ಮಂದಿರೇ, ತಂಗಿಯರೇ,

ರಾತ್ರಿ ಮಳೆ ಹೊಯ್ದರೆ ಬೆಳಿಗ್ಗೆ ನಾನು ಷಟರ್ ಎತ್ತುವ ಮೊದಲೇ ನಿಮ್ಮಲ್ಲಿ ಯಾರಾದರೊಬ್ಬರು ಗ್ಯಾರೇಜಿನ ಮುಂದೆ ನಿಂತಿರುತ್ತೀರಿ. ಹ್ಯಾಂಡಲ್ ಒಂದು ದಿಕ್ಕಿಗೆ, ಮುಂದಿನ ಚಕ್ರ ಇನ್ನೊಂದು ದಿಕ್ಕಿಗೆ. ಡೂಮ್ ಒಡೆದು ಹೆಡ್‌ಲೈಟು ವೈರಿನಲ್ಲಿ ತೂಗಾಡುತ್ತಿರುತ್ತದೆ. ಮೊಣಕೈ ಮೇಲೆ ಒಣಗಿದ ರಕ್ತ. ನಾನು ಕೈ ನೋಡುತ್ತೇನೆ, ನೀವು ಬೈಕು ನೋಡುತ್ತೀರಿ.

"ಅಣ್ಣಾರ, ಹೆಂಗರ ಮಾಡಿ ಸಂಜಿಗೆ ಕೊಟ್ಟುಬಿಡ್ರಿ. ಡ್ಯೂಟಿ ತಪ್ಪಸಾಕ ಆಗಂಗಿಲ್ಲ."

ಕಲಬುರಗಿಯವರೋ, ಬಾಗಲಕೋಟೆಯವರೋ, ಚಾಮರಾಜನಗರದವರೋ, ಮಾತಿನ ಧಾಟಿ ಬೇರೆಯಾದರೂ ಎಲ್ಲರ ಕೋರಿಕೆ ಒಂದೇ. ಎರಡು ದಿನ ಕಳೆದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಎಸ್ಟಿಮೇಟ್ ಕೈಗೆ ಕೊಟ್ಟಾಗ ಮುಖ ಸಪ್ಪಗಾಗುತ್ತದೆ. "ಅಣ್ಣಾ, ಇಷ್ಟು ದುಡ್ಡು ಹಾಕೋ ಬದಲು ಇದನ್ನ ಗುಜರಿಗೆ ಹಾಕಿ ಬೇರೆ ತಗೊಳ್ಳೋದೇ ಮೇಲಾ?"

ಈ ಪ್ರಶ್ನೆಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಹೇಳಿದ ಮಾತು ಹೊರಗಿನ ಹಾರನ್ ಸದ್ದಿಗೆ ಕೊಚ್ಚಿಹೋಗುತ್ತದೆ. ಅದಕ್ಕೇ ಈ ಪತ್ರ. ನೀವು ಬಿದ್ದ ದಿನ ಓದಬೇಡಿ. ಬೀಳದೆ ಇರುವಾಗ, ಹೋಟೆಲಿನ ಮುಂದೆ ಆರ್ಡರ್‌ಗೆ ಕಾಯುತ್ತ ಕೂತಾಗ ಓದಿ.

ಮೊದಲ ಮಾತು ಮೈದು. ಬಿದ್ದ ತಕ್ಷಣ ಎದ್ದು ನಿಂತು, ಜನ ಸೇರುವ ಮೊದಲೇ ಬೈಕು ಎತ್ತಿ ಕಿಕ್ಕರ್ ಒದೆಯುವ ಎಷ್ಟೋ ಜನರನ್ನು ಕಂಡಿದ್ದೇನೆ. ನಾಚಿಕೆ ಒಂದು ಕಡೆ, ಆರ್ಡರ್ ತಣ್ಣಗಾಗುತ್ತದೆಂಬ ಗಾಬರಿ ಇನ್ನೊಂದು ಕಡೆ. ಹಾಗೆ ಮಾಡಬೇಡಿ. ಪಕ್ಕಕ್ಕೆ ಕೂತು ಮೈಕೈ ನೋಡಿಕೊಳ್ಳಿ. ತಲೆಗೆ ಏಟು ಬಿದ್ದಿದ್ದರೆ ಆಸ್ಪತ್ರೆಗೆ ಹೋಗಿ. ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು. ಒಳಗಿನ ಥರ್ಮೊಕೋಲ್ ಪದರ ಒಂದು ಸಲ ಜಜ್ಜಿಕೊಂಡು ನಿಮ್ಮ ತಲೆಯನ್ನು ಉಳಿಸುತ್ತದೆ. ಎರಡನೇ ಸಲಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಹೊರಗೆ ಗೀರು ಮಾತ್ರ ಕಾಣುತ್ತದೆ, ಸರಿ. ಆದರೂ ಬದಲಿಸಿ. ಬೈಕಿಗೆ ಹತ್ತು ಸಾವಿರ ಖರ್ಚು ಮಾಡಿ ಹಳೇ ಹೆಲ್ಮೆಟ್ಟನ್ನೇ ತಲೆಗೆ ಹಾಕಿಕೊಂಡು ಹೊರಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಎರಡನೇ ಮಾತು: ಅದೇ ದಿನ ಏನನ್ನೂ ತೀರ್ಮಾನಿಸಬೇಡಿ. ಬಿದ್ದ ಜಾಗದಲ್ಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ನಂಬರ್ ಪ್ಲೇಟ್ ಕಾಣುವ ಹಾಗೆ. ಎಂಜಿನ್ ಅಡಿಯಲ್ಲಿ ಆಯಿಲ್ ಸೋರಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಕ್ಲಚ್ ಕವರೋ ಮ್ಯಾಗ್ನೆಟ್ ಕವರೋ ಒಡೆದು ಆಯಿಲ್ ಹೋಗಿದ್ದಾಗ ಒಂದು ಫರ್ಲಾಂಗು ಓಡಿಸಿದರೂ ಸಾವಿರದ ಕೆಲಸ ಹತ್ತು ಸಾವಿರಕ್ಕೆ ಏರುತ್ತದೆ. ಇನ್ಶೂರೆನ್ಸ್ ಇದ್ದರೆ ಮೊದಲು ಅವರಿಗೆ ತಿಳಿಸಿ, ಆಮೇಲೆ ನನ್ನ ಹತ್ತಿರ ಬಿಚ್ಚಿಸಿ. ಸರ್ವೇಯರ್ ನೋಡುವ ಮೊದಲೇ ಬಿಚ್ಚಿದ ಬೈಕಿಗೆ ಕ್ಲೇಮು ಕೇಳುವುದು ತೊಳೆದಿಟ್ಟ ತಟ್ಟೆ ತೋರಿಸಿ ಊಟದ ಬಿಲ್ ಕೇಳಿದಂತೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ರಿಪೇರಿಯೋ, ಬೇರೆಯದೋ?

ನೀವೆಲ್ಲ ಈ ಪ್ರಶ್ನೆಯನ್ನು ತಲೆಕೆಳಗಾಗಿ ಕೇಳುತ್ತೀರಿ. ಮೊದಲು ಮನಸ್ಸು ಮಾತಾಡುತ್ತದೆ: "ಅಪ್ಪ ಕೊಡಿಸಿದ ಗಾಡಿ", ಇಲ್ಲವೇ "ಇದರ ದೆಸೆಯೇ ಸರಿಯಿಲ್ಲ". ಆಮೇಲೆ ದುಡ್ಡಿನ ಲೆಕ್ಕ. ಗಾಡಿ ನೇರ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಾನು ಹೇಳುವ ಕ್ರಮ ಇದರ ತಿರುವುಮುರುವು. ಮೊದಲು ನೇರ, ಆಮೇಲೆ ಲೆಕ್ಕ, ಕೊನೆಗೆ ಮನಸ್ಸು. ನೇರ ಇಲ್ಲದ ಗಾಡಿಗೆ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ನೇರ ಎಂದರೇನು? ಕಣ್ಣಿಗೆ ಕಾಣುವ ಗಾಯ ಬೇರೆ, ನಿಜವಾದ ಏಟು ಬೇರೆ. ಡೂಮ್, ಮಡ್‌ಗಾರ್ಡ್, ಇಂಡಿಕೇಟರ್, ಲಿವರ್, ಸೈಡ್ ಪ್ಯಾನೆಲ್, ಲೆಗ್ ಗಾರ್ಡ್ ಇವೆಲ್ಲ ಗಾಡಿಯ ಬಟ್ಟೆ. ಹರಿದರೆ ಬೇರೆ ತೊಡಿಸಬಹುದು. ಹ್ಯಾಂಡಲ್ ಚಕ್ರಕ್ಕೆ ಓರೆಯಾಗಿದ್ದರೂ ಎದೆ ಒಡೆದುಕೊಳ್ಳಬೇಕಿಲ್ಲ. ಎಷ್ಟೋ ಸಲ ಫೋರ್ಕ್ ರಾಡುಗಳು ಅವನ್ನು ಹಿಡಿದಿಡುವ 'ಟಿ' ಒಳಗೆ ತಿರುಚಿಕೊಂಡಿರುತ್ತವೆ, ಅಷ್ಟೆ. ಬೋಲ್ಟು ಸಡಿಲಿಸಿ, ಚಕ್ರವನ್ನು ಸರಿಗೆ ತಂದು, ಮತ್ತೆ ಬಿಗಿದರೆ ಅರ್ಧ ಗಂಟೆಯ ಕೆಲಸ. ನೋಡಲು ಭಯಂಕರ, ರೋಗ ಸಣ್ಣದು.

ಇದಕ್ಕೆ ಉಲ್ಟಾ ಇನ್ನೊಂದು ಬಗೆ. ಕಾರಿನ ಹಿಂಭಾಗಕ್ಕೋ ಡಿವೈಡರ್‌ಗೋ ಮುಂದಿನ ಚಕ್ರ ನೇರವಾಗಿ ಗುದ್ದಿರುತ್ತದೆ. ಗಾಡಿ ಮಗ್ಗುಲಿಗೆ ಬಿದ್ದಿಲ್ಲ, ಪ್ಲಾಸ್ಟಿಕ್ ಒಡೆದಿಲ್ಲ, ಪೇಂಟ್ ಹೋಗಿಲ್ಲ. "ಏನೂ ಆಗಿಲ್ಲ ಅಣ್ಣಾ" ಎಂದು ನೀವೇ ಓಡಿಸಿಕೊಂಡು ಬರುತ್ತೀರಿ. ನನಗೆ ಭಯ ಹುಟ್ಟಿಸುವುದು ಈ ಗಾಡಿಯೇ. ಮುಂದಿನಿಂದ ಬಿದ್ದ ಏಟು ಮೊದಲು ಫೋರ್ಕ್ ರಾಡಿಗೆ, ಅಲ್ಲಿಂದ ಟಿಗೆ, ಅಲ್ಲಿಂದ ಚಾಸಿಯ ಕುತ್ತಿಗೆಗೆ ಹೋಗುತ್ತದೆ. ಹ್ಯಾಂಡಲ್ ತಿರುಗುವ ಆ ದಪ್ಪ ಕೊಳವೆಯೇ ಕುತ್ತಿಗೆ. ಇಡೀ ಗಾಡಿಯ ಗುಣ ಅದರ ಕೋನದಲ್ಲಿದೆ. ಒಂದೆರಡು ಡಿಗ್ರಿ ಒಳಗೆ ಹೋದರೂ ಗಾಡಿ ಹಳೆಯ ಗಾಡಿಯಲ್ಲ.

ಇದನ್ನು ಪತ್ತೆ ಮಾಡಲು ದೊಡ್ಡ ಮೆಷಿನ್ ಬೇಡ. ಒಂದು ದಾರ ಸಾಕು, ಜೊತೆಗೆ ಇಬ್ಬರು ಮನುಷ್ಯರು. ಗಾಡಿಯನ್ನು ಸಮ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ. ಹಿಂದಿನ ಟಯರಿನ ಎರಡು ಮಗ್ಗುಲಿಗೂ ತಾಗುವಂತೆ ದಾರ ಎಳೆದು ಮುಂದಿನ ಚಕ್ರದ ತನಕ ತನ್ನಿ. ಮುಂದಿನ ಟಯರಿನ ಅಗಲ ಕಡಿಮೆ ಇರುವ ಗಾಡಿಯಲ್ಲಿ ದಾರಕ್ಕೂ ಟಯರಿಗೂ ನಡುವೆ ಸಂದು ಉಳಿಯುತ್ತದೆ. ಎಡಬಲ ಆ ಸಂದು ಒಂದೇ ಇದ್ದರೆ ಚಕ್ರಗಳು ಒಂದೇ ಗೆರೆಯಲ್ಲಿವೆ. ಒಂದು ಕಡೆ ಬೆರಳು ತೂರುತ್ತದೆ, ಇನ್ನೊಂದು ಕಡೆ ಕಾಗದವೂ ತೂರುವುದಿಲ್ಲ ಎಂದರೆ ಎಲ್ಲೋ ಬೆಂಡಿದೆ. ಎಲ್ಲಿ ಎಂದು ಹುಡುಕುವುದು ನನ್ನ ಕೆಲಸ.

ಆಮೇಲೆ ಟ್ಯಾಂಕ್ ಬಿಚ್ಚಿಸಿ ನೋಡಿ. ಕುತ್ತಿಗೆಯ ಕೆಳಗೆ, ಎಂಜಿನ್ ಕಡೆಗೆ ಇಳಿಯುವ ಪೈಪಿನ ಮೇಲೆ ಪೇಂಟ್ ಬಿರುಕು ಬಿಟ್ಟಿದೆಯೇ? ಪೈಪು ಸುಕ್ಕಾಗಿದೆಯೇ? ಮುಂದಿನ ಟಯರು ಮೊದಲಿಗಿಂತ ಎಂಜಿನ್‌ಗೆ ಹತ್ತಿರ ಬಂದಿದೆಯೇ? ಅದೇ ಮಾಡೆಲಿನ ಇನ್ನೊಂದು ಗಾಡಿ ಪಕ್ಕದಲ್ಲಿ ನಿಲ್ಲಿಸಿದರೆ ತಕ್ಷಣ ತಿಳಿಯುತ್ತದೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ವೀಲ್‌ಬೇಸ್ ಎಷ್ಟು ಮಿಲಿಮೀಟರ್ ಎಂದು ಬರೆದಿರುತ್ತದೆ, ಟೇಪು ಹಿಡಿದು ಅಳೆಯಿರಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಬೆರಳಿನಲ್ಲಿ ತಳ್ಳಿ. ನಡುವೆ ಎಲ್ಲಾದರೂ 'ಟಕ್' ಎಂದು ಕೂತರೆ ಬಾಲ್ ರೇಸ್ ಹೋಗಿದೆ. ಅದೊಂದೇ ಹೋಗಿದ್ದರೆ ಪುಣ್ಯ, ಬದಲಿಸಬಹುದು. ಕೊನೆಗೆ ನೀರು ನಿಂತ ಜಾಗದಲ್ಲಿ ಗಾಡಿಯನ್ನು ನೇರವಾಗಿ ದಾಟಿಸಿ, ಒಣ ರಸ್ತೆಯ ಮೇಲೆ ಮೂಡಿದ ಒದ್ದೆ ಗೆರೆ ನೋಡಿ. ಹಿಂದಿನ ಚಕ್ರ ಮುಂದಿನ ಚಕ್ರದ ಹೆಜ್ಜೆಯ ಮೇಲೇ ಹೆಜ್ಜೆ ಇಡಬೇಕು. ಎರಡು ಗೆರೆ ಬಿದ್ದರೆ ಗಾಡಿ ಏಡಿಯಂತೆ ಅಡ್ಡಡ್ಡ ನಡೆಯುತ್ತಿದೆ ಎಂದರ್ಥ.

ಏನನ್ನು ನೇರ ಮಾಡಬಹುದು, ಏನನ್ನು ಮಾಡಬಾರದು? ಫುಟ್‌ರೆಸ್ಟ್, ಲೆಗ್ ಗಾರ್ಡ್, ಸ್ಟ್ಯಾಂಡ್ ಬಡಿದು ನೇರ ಮಾಡಿದರೆ ಪ್ರಾಣ ಹೋಗುವುದಿಲ್ಲ. ಸ್ಪೋಕ್ ಚಕ್ರದ ಔಟ್ ಅನ್ನು, ಅಂದರೆ ಓಲಾಟವನ್ನು, ಸ್ಪೋಕ್ ಬಿಗಿದು ತೆಗೆಯಬಹುದು. ಬಿರುಕು ಬಿಟ್ಟ ಅಲಾಯ್ ಚಕ್ರಕ್ಕೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಎಂದವರ ಹತ್ತಿರ ನಿಲ್ಲಲೂ ಬೇಡಿ. ಫೋರ್ಕ್ ರಾಡು ಲೇತಿನವರ ಹತ್ತಿರ ಪ್ರೆಸ್‌ನಲ್ಲಿ ನೇರವಾಗುತ್ತದೆ, ಹೌದು. ಆದರೆ ಸ್ವಲ್ಪ ಬಾಗಿದ್ದಕ್ಕೆ ಮಾತ್ರ, ಅದೂ ಕೈಯಲ್ಲಿ ಬೇರೆ ದಾರಿಯೇ ಇಲ್ಲದಾಗ. ಮಡಿಕೆ ಬಿದ್ದ ರಾಡನ್ನು ನೇರ ಮಾಡಿದರೆ ಅದು ನೇರವಾಗಿ ಕಾಣುತ್ತದೆ, ಅಷ್ಟೆ. ಟಿ ಬೆಂಡಾಗಿದ್ದರೆ ಹೊಸದೇ ಹಾಕಿ. ಚಾಸಿಯ ಕುತ್ತಿಗೆ ಸುಕ್ಕಾಗಿದ್ದರೆ ನನ್ನ ಗ್ಯಾರೇಜಿನಲ್ಲಿ ಅದಕ್ಕೆ ರಿಪೇರಿ ಇಲ್ಲ. ಚಾಸಿ ಬದಲಿಸಬಹುದು. ಆದರೆ ಗಾಡಿಯ ಗುರುತೇ ಅದರ ಮೇಲೆ ಕೊರೆದ ನಂಬರು, ಆದ್ದರಿಂದ ಆರ್‌ಟಿಒ ಕಚೇರಿಯ ಒಪ್ಪಿಗೆ, ಆರ್‌ಸಿ ತಿದ್ದುಪಡಿ ಎಲ್ಲ ಆಗಬೇಕು. ಕಾರ್ಮಿಕರ ಗಾಡಿಗೆ ಅದು ಮೂಗಿಗಿಂತ ಮೂಗುತಿ ಭಾರ.

ಬ್ಯಾಟರಿ ಸ್ಕೂಟರ್ ಓಡಿಸುವವರಿಗೆ ಒಂದು ಮಾತು ಹೆಚ್ಚು. ಅಡಿಭಾಗಕ್ಕೆ ಏಟು ಬಿದ್ದು ಬ್ಯಾಟರಿ ಪೆಟ್ಟಿಗೆ ತಗ್ಗಾಗಿದ್ದರೆ, ಬಿರಿದಿದ್ದರೆ, ಮನೆಯೊಳಗೆ ತಂದು ಚಾರ್ಜಿಗೆ ಹಾಕಬೇಡಿ. ಅದು ನನ್ನಂಥವರು ಸ್ಕ್ರೂಡ್ರೈವರ್ ಹಿಡಿದು ನೋಡುವ ವಸ್ತುವೂ ಅಲ್ಲ. ಕಂಪನಿಯವರೇ ನೋಡಬೇಕು.

ಗಾಡಿ ನೇರ ಇದೆ ಎಂದುಕೊಳ್ಳೋಣ. ಈಗ ಲೆಕ್ಕ.

ಮೊದಲು ಇನ್ಶೂರೆನ್ಸ್ ಕಾಗದ ತೆಗೆಯಿರಿ. "ಐದು ವರ್ಷದ ಇನ್ಶೂರೆನ್ಸ್ ಇದೆ ಅಣ್ಣಾ" ಎಂದು ಎದೆಯುಬ್ಬಿಸಿ ಹೇಳುವವರು ನಿಮ್ಮಲ್ಲಿ ಬಹಳ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ. ನಿಮ್ಮ ಗಾಡಿಯ ಡೂಮ್‌ಗೂ ಫೋರ್ಕಿಗೂ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದಕ್ಕೆ 'ಓನ್ ಡ್ಯಾಮೇಜ್' ಬೇಕು. ಶೋರೂಮಿನವರು ಸಾಮಾನ್ಯವಾಗಿ ಅದನ್ನು ಒಂದೇ ವರ್ಷಕ್ಕೆ ಮಾಡಿಕೊಟ್ಟಿರುತ್ತಾರೆ. ಎರಡನೇ ವರ್ಷ ನೀವು ಕಟ್ಟಿರುವುದಿಲ್ಲ. ಇವತ್ತೇ ನೋಡಿಕೊಳ್ಳಿ.

ಅದೇ ಕಾಗದದಲ್ಲಿ 'ಬಳಕೆಯ ಮಿತಿ' ಎಂಬ ಸಾಲು ಇರುತ್ತದೆ. ಖಾಸಗಿ ಬೈಕಿನ ಪಾಲಿಸಿ ಬಾಡಿಗೆಗೆ ಓಡಿಸುವುದನ್ನೂ, ಸ್ವಂತ ಲಗೇಜು ಮತ್ತು ಸ್ಯಾಂಪಲ್ ಬಿಟ್ಟು ಬೇರೆ ಸರಕು ಸಾಗಿಸುವುದನ್ನೂ ಹೊರಗಿಡುತ್ತದೆ. ನಿಮ್ಮ ಬೆನ್ನ ಮೇಲಿನ ಚೀಲದಲ್ಲಿರುವುದು ಬೇರೆಯವರ ಊಟ. ಇದೇ ಕಾರಣ ಕೊಟ್ಟು ಕ್ಲೇಮು ತಳ್ಳಿಹಾಕಬಹುದು. ಸುಳ್ಳು ಹೇಳಿ ದಾಟುವ ಉಪಾಯ ನಾನು ಹೇಳಿಕೊಡುವುದಿಲ್ಲ, ಸಿಕ್ಕಿಬಿದ್ದರೆ ಇರುವುದೂ ಹೋಗುತ್ತದೆ. ಪಾಲಿಸಿ ಮಾಡಿಸುವಾಗಲೇ "ನಾನು ಡೆಲಿವರಿ ಕೆಲಸ ಮಾಡುತ್ತೇನೆ, ಇದು ಆ ಬಳಕೆಗೆ ನಡೆಯುತ್ತದೆಯೇ" ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ವಿಮೆ ಇದ್ದವರ ಲೆಕ್ಕ ಹೀಗೆ. ಪಾಲಿಸಿಯಲ್ಲಿ 'ಐಡಿವಿ' ಎಂದು ಒಂದು ಮೊತ್ತ ಇರುತ್ತದೆ. ಆ ವರ್ಷಕ್ಕೆ ನಿಮ್ಮ ಗಾಡಿಗೆ ಒಪ್ಪಿಕೊಂಡ ಬೆಲೆ ಅದು. ಕಂಪನಿಯ ಪಟ್ಟಿ ಬೆಲೆಯಲ್ಲಿ ವಯಸ್ಸಿಗೆ ತಕ್ಕ ಸವಕಳಿ ಕಳೆದು ಇಡುತ್ತಾರೆ: ಆರು ತಿಂಗಳ ತನಕ 5 ಪರ್ಸೆಂಟ್, ಒಂದು ವರ್ಷದ ತನಕ 15, ಎರಡರ ತನಕ 20, ಮೂರರ ತನಕ 30, ನಾಲ್ಕರ ತನಕ 40, ಐದರ ತನಕ 50. ಐದು ದಾಟಿದರೆ ಇಬ್ಬರೂ ಮಾತಾಡಿ ಒಪ್ಪಿದ್ದು. 85,000 ರೂಪಾಯಿ ಪಟ್ಟಿ ಬೆಲೆಯ, ಮೂರು ತುಂಬಿ ನಾಲ್ಕು ತುಂಬದ ಗಾಡಿ ಎಂದಿಟ್ಟುಕೊಳ್ಳಿ. ಐಡಿವಿ 51,000. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ, ಅಂದರೆ ಇಲ್ಲಿ 38,250 ಮೀರಿದರೆ, ಅದು 'ಟೋಟಲ್ ಲಾಸ್'. ಆಗ ರಿಪೇರಿಯ ಮಾತಿಲ್ಲ, ಗಾಡಿಯ ಬೆಲೆಯನ್ನೇ ಕೊಡುತ್ತಾರೆ. ಸಾಲ ಇದ್ದರೆ ಆ ದುಡ್ಡು ಮೊದಲು ಸಾಲ ಕೊಟ್ಟವರಿಗೆ ಹೋಗುತ್ತದೆ, ಉಳಿದದ್ದು ನಿಮಗೆ. ಗಾಡಿ ಮುರಿದಿದೆ ಎಂದು ಇಎಂಐ ನಿಲ್ಲಿಸಬೇಡಿ, ಅದು ಬೇರೆ ಲೆಕ್ಕ.

ಇನ್ನು ಅದೇ ಗಾಡಿಗೆ 30,000 ರೂಪಾಯಿಯ ಎಸ್ಟಿಮೇಟ್ ಬಂತು ಎಂದುಕೊಳ್ಳಿ. ಪ್ಲಾಸ್ಟಿಕ್, ರಬ್ಬರ್ ಸಾಮಾನು 8,000, ಲೋಹದ ಸಾಮಾನು 16,000, ಕೂಲಿ 6,000. ಪ್ಲಾಸ್ಟಿಕ್, ರಬ್ಬರ್, ಟಯರು, ಬ್ಯಾಟರಿಗೆ ಅರ್ಧ ಮಾತ್ರ ಕೊಡುತ್ತಾರೆ, ಆದ್ದರಿಂದ 4,000. ಈ ವಯಸ್ಸಿನ ಗಾಡಿಯ ಲೋಹಕ್ಕೆ 25 ಪರ್ಸೆಂಟ್ ಕಳೆಯುತ್ತಾರೆ, ಆದ್ದರಿಂದ 12,000. ಕೂಲಿ ಪೂರ್ತಿ. ಒಟ್ಟು 22,000, ಅದರಲ್ಲಿ ಕಡ್ಡಾಯ ಕಡಿತ 100 ರೂಪಾಯಿ ಹೋಗಿ 21,900. ನಿಮ್ಮ ಜೇಬಿನಿಂದ 8,100. ಸವಕಳಿ ಕಳೆಯದ 'ಜೀರೊ ಡೆಪ್' ಮಾಡಿಸಿದ್ದರೆ ಇದರ ಬಹುಪಾಲು ಉಳಿಯುತ್ತಿತ್ತು. ಮೂವತ್ತು ಸಾವಿರ ಎಂದು ಕೇಳಿ ಗುಜರಿಗೆ ಹೊರಟವನಿಗೆ ನಿಜವಾಗಿ ಖರ್ಚಾಗುವುದು ಎಂಟು ಸಾವಿರ. ಇದನ್ನು ಕೂತು ಬರೆಯದೆ ಗಾಡಿ ಬಿಟ್ಟವರಿದ್ದಾರೆ.

"ಕ್ಲೇಮ್ ಮಾಡಿದ್ರೆ ಬೋನಸ್ ಹೋಗುತ್ತಂತೆ" ಎಂಬ ಹೆದರಿಕೆಯೂ ಇದೆ. ಕ್ಲೇಮು ಮಾಡದ ಮೊದಲ ವರ್ಷಕ್ಕೆ 20 ಪರ್ಸೆಂಟ್, ಹಾಗೇ ಏರುತ್ತ 50ರ ತನಕ ರಿಯಾಯಿತಿ ನಿಜ. ಆದರೆ ಅದು ಓನ್ ಡ್ಯಾಮೇಜ್ ಕಂತಿನ ಮೇಲೆ ಮಾತ್ರ. ಆ ಕಂತು ಸಾವಿರ ರೂಪಾಯಿಯಾಗಿದ್ದರೆ 20 ಪರ್ಸೆಂಟ್ ಎಂದರೆ ಇನ್ನೂರು. ಒಂದು ಇಂಡಿಕೇಟರ್‌ಗಾಗಿ ಕ್ಲೇಮು ಬೇಡ, ಸರಿ. ಇಪ್ಪತ್ತು ಸಾವಿರದ ಕ್ಲೇಮನ್ನು ಇನ್ನೂರಕ್ಕೆ ಹೆದರಿ ಬಿಡುವುದು ಯಾವ ಜಾಣತನ?

ವಿಮೆ ಇಲ್ಲದವರೇ ನನ್ನ ಹತ್ತಿರ ಹೆಚ್ಚು ಬರುವುದು. ಅವರಿಗೆ ನಾನು ಮೂರು ಅಂಕಿ ಬರೆಸುತ್ತೇನೆ. ಈ ಗಾಡಿ ಸರಿಯಿದ್ದಿದ್ದರೆ ಇವತ್ತು ಎಷ್ಟಕ್ಕೆ ಹೋಗುತ್ತಿತ್ತು? ಹೀಗೇ ಮುರಿದದ್ದನ್ನು ಕೊಟ್ಟರೆ ಎಷ್ಟು ಬರುತ್ತದೆ? ರಿಪೇರಿಗೆ ಎಷ್ಟು? ಹತ್ತು ವರ್ಷದ ಗಾಡಿ ಓಡುವ ಸ್ಥಿತಿಯಲ್ಲಿ 22,000, ಮುರಿದ ಸ್ಥಿತಿಯಲ್ಲಿ 6,000 ಎಂದರೆ ನಡುವಿನ ಅಂತರ 16,000. ರಿಪೇರಿ ಅದಕ್ಕಿಂತ ಚೆನ್ನಾಗಿ ಕಡಿಮೆ ಇದ್ದರೆ ಮಾಡಿಸಿ. ಅದನ್ನು ದಾಟಿದರೆ ಬಿಡುವ ಯೋಚನೆ ಮಾಡಿ. ಹತ್ತಿರ ಹತ್ತಿರ ಇದ್ದರೆ ಇನ್ನೆರಡು ವಿಷಯ ನೋಡಿ.

ಒಂದು, ನಿಮ್ಮ ಗಾಡಿಯ ರೋಗಗಳು ನಿಮಗೆ ಗೊತ್ತು. ಯಾವ ಗೇರಿನಲ್ಲಿ ಸದ್ದು ಮಾಡುತ್ತದೆ, ಎಷ್ಟು ಆಯಿಲ್ ಕುಡಿಯುತ್ತದೆ, ಚೈನು ಯಾವಾಗ ಹಾಕಿಸಿದ್ದು ಎಲ್ಲ ಗೊತ್ತು. ಅದೇ ದುಡ್ಡಿಗೆ ಬರುವ ಸೆಕೆಂಡ್ ಹ್ಯಾಂಡ್ ಗಾಡಿಯ ರೋಗ ಮಾರಿದವನಿಗೆ ಮಾತ್ರ ಗೊತ್ತು. ಗುರುತಿಲ್ಲದ ಗಾಡಿಗೆ ಕೈಯಲ್ಲಿ ಇನ್ನೊಂದೈದು ಸಾವಿರ ಇಟ್ಟುಕೊಂಡೇ ಹೋಗಬೇಕು. ಎಂಜಿನ್ ಗಟ್ಟಿ ಇರುವ ನೇರ ಗಾಡಿಯನ್ನು ಬರೀ ಪ್ಲಾಸ್ಟಿಕ್ಕಿಗೆ ಹೆದರಿ ಬಿಡಬೇಡಿ. 1994ರಲ್ಲಿ ಬಂದ ಸ್ಪ್ಲೆಂಡರ್‌ನ ಆ 97.2 ಸಿಸಿ ಎಂಜಿನ್ ಇವತ್ತಿಗೂ ಹಳ್ಳಿಹಳ್ಳಿಯಲ್ಲಿ ಓಡುತ್ತಿರುವುದಕ್ಕೆ ಅದರ ಗಟ್ಟಿತನ ಒಂದು ಕಾರಣ, ಸಾಮಾನು ಎಲ್ಲೆಂದರಲ್ಲಿ ಸಿಗುವುದು ಇನ್ನೊಂದು.

ಎರಡು, ದಿನಗಳ ಲೆಕ್ಕ. ನಿಮಗೆ ಗಾಡಿ ನಿಂತ ದಿನ ಎಂದರೆ ಸಂಬಳ ಇಲ್ಲದ ದಿನ. ಸಾಮಾನಿಗೆ ಹದಿನೈದು ದಿನ ಕಾಯಬೇಕಾದ ಮಾಡೆಲ್ ಆಗಿದ್ದರೆ ಆ ಹದಿನೈದು ದಿನದ ದುಡಿಮೆಯನ್ನೂ ಎಸ್ಟಿಮೇಟಿಗೆ ಸೇರಿಸಿ. ಜೆ.ಸಿ. ರಸ್ತೆಯಲ್ಲಿ ಒಂದು ಗಂಟೆ ಸುತ್ತಿದರೆ ಸಿಗುವ ಸಾಮಾನು ಯಾವುದು, ಕಂಪನಿಯಿಂದಲೇ ತರಿಸಬೇಕಾದದ್ದು ಯಾವುದು ಎಂದು ಮೊದಲೇ ಕೇಳಿಕೊಳ್ಳಿ. ಮಡ್‌ಗಾರ್ಡ್, ಪ್ಯಾನೆಲ್ ಶಿವಾಜಿನಗರದ ಹಳೇ ಸಾಮಾನಿನಲ್ಲಿ ಸಿಕ್ಕರೆ ಹಾಕಿಸಿ, ತಪ್ಪಿಲ್ಲ. ಬ್ರೇಕು, ಆಕ್ಸೆಲ್, ಟಿ, ಫೋರ್ಕು ಮಾತ್ರ ಕಂಪನಿಯದೇ ಇರಲಿ. ಬಿಲ್ ಇಟ್ಟುಕೊಳ್ಳಿ.

ಈಗ ಮನಸ್ಸಿನ ಮಾತು. ನಾನು ಅದನ್ನು ಕೊನೆಗೆ ಇಟ್ಟಿದ್ದೇನೆ, ಆಚೆಗೆ ಹಾಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅಲ್ಲಿ ಹುಟ್ಟಿದ ಯೆಜ್ಡಿ ಬೈಕುಗಳು ಇವತ್ತಿಗೂ ರಸ್ತೆಯಲ್ಲಿವೆ. ಒಂದೊಂದರ ಮೇಲೂ ಅದರ ಬೆಲೆಗಿಂತ ಹೆಚ್ಚು ದುಡ್ಡು ಸುರಿದವರು ನನಗೆ ಗೊತ್ತು. ಅವರು ಹುಚ್ಚರಲ್ಲ. ತಂದೆ ತಾಯಿಯನ್ನು ಕೂರಿಸಿಕೊಂಡು ಹೋದ ಗಾಡಿ, ಮೊದಲ ಸಂಬಳದ ಗಾಡಿ, ಅದಕ್ಕೆ ಅಂಗಡಿಯ ಬೆಲೆ ಕಟ್ಟಲಾಗದು. ಆದರೆ ಆ ಗಾಡಿ ಭಾನುವಾರ ಬೆಳಿಗ್ಗೆ ಹೊರಡುತ್ತದೆ, ಒಂದು ಸುತ್ತು ಹೋಗಿ ಮನೆಗೆ ಬರುತ್ತದೆ. ನಿಮ್ಮದು ದಿನಕ್ಕೆ ಹತ್ತು ಹನ್ನೆರಡು ಗಂಟೆ, ಮಳೆಯಲ್ಲಿ, ರಾತ್ರಿಯಲ್ಲಿ, ಗುಂಡಿಯಲ್ಲಿ ಓಡಬೇಕಾದ ಗಾಡಿ. ನೆನಪಿಗಾಗಿ ಉಳಿಸಿಕೊಳ್ಳುವುದಾದರೆ ಮನೆಯಲ್ಲಿ ನಿಲ್ಲಿಸಿ. ದುಡಿಮೆಗೆ ನೇರ ಇರುವುದನ್ನು ಏರಿ.

ನೇರದ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣ ಹೇಳಿಬಿಡುತ್ತೇನೆ. ಈವರೆಗೆ ಇದನ್ನು ಬರೆದಿಲ್ಲ.

ಹದಿನೈದು ವರ್ಷದ ಹಿಂದಿನ ಮಾತು. ರಾತ್ರಿ ಪಾಳಿಯ ಹುಡುಗನೊಬ್ಬ ಗಾಡಿ ತಂದ. ವಿಮೆ ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಸಾಲ ಇನ್ನೂ ಎಂಟು ಕಂತು ಬಾಕಿ. ಟ್ಯಾಂಕ್ ಬಿಚ್ಚಿದೆ, ಕುತ್ತಿಗೆಯ ಕೆಳಗೆ ಪೈಪು ಸುಕ್ಕಾಗಿತ್ತು. ಆಗುವುದಿಲ್ಲ ಎಂದೆ. ಅವನು ಅತ್ತ. ನಾನು ಗ್ಯಾಸ್ ಹಚ್ಚಿದೆ. ಪೈಪು ಕೆಂಪಗೆ ಕಾಯಿಸಿ, ಎಳೆದು, ಸುಕ್ಕಿನ ಮೇಲೆ ಪಟ್ಟಿ ಇಟ್ಟು ವೆಲ್ಡ್ ಮಾಡಿ, ಕಪ್ಪು ಪೇಂಟ್ ಹೊಡೆದೆ. ಕಾಯಿಸಿದ ಉಕ್ಕು ತನ್ನ ಮೊದಲಿನ ಕಸುವು ಕಳೆದುಕೊಳ್ಳುತ್ತದೆ, ವೆಲ್ಡಿಂಗ್ ಅಂಚಿನಿಂದ ಬಿರುಕು ಶುರುವಾಗುತ್ತದೆ ಎಂದು ನನಗೆ ಗೊತ್ತಿತ್ತು. 2,500 ರೂಪಾಯಿ ತೆಗೆದುಕೊಂಡೆ. ಉಪಕಾರ ಮಾಡಿದೆ ಎಂದುಕೊಂಡು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಒಂದು ವರ್ಷ ಕಳೆದಿರಬೇಕು. ಕಾಲೇಜು ಹುಡುಗನೊಬ್ಬ ಗಾಡಿ ತಳ್ಳಿಕೊಂಡು ಬಂದ. ಕೈ ಜೋಳಿಗೆಯಲ್ಲಿತ್ತು. "ಅಂಕಲ್, ಯಾವಾಗಲೂ ಎಡಕ್ಕೆ ಎಳೆಯುತ್ತೆ. ಎರಡು ಸಲ ಬಿದ್ದೆ. ಏನು ಅಂತ ನೋಡಿ." ಗಾಡಿಯ ಗುರುತು ಸಿಗಲಿಲ್ಲ, ಸ್ಟಿಕ್ಕರು ಬದಲಾಗಿದ್ದವು. ಟ್ಯಾಂಕ್ ಬಿಚ್ಚಿದೆ. ನನ್ನ ಪಟ್ಟಿ, ನನ್ನ ವೆಲ್ಡಿಂಗ್. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು.

ಆ ಹುಡುಗ ನನಗೇ ದುಡ್ಡು ಕೊಟ್ಟು ಸರಿ ಮಾಡಿಸಲು ಬಂದಿದ್ದ.

ನಿಜ ಹೇಳಿದೆ. ಅವನು ಬೈಯಲಿಲ್ಲ. "ಮಾರಿದವನು ಹೇಳಲೇ ಇಲ್ಲ ಅಂಕಲ್" ಎಂದ, ಅಷ್ಟೆ. ಮಾರಿದವನು ಹೇಗೆ ಹೇಳಿಯಾನು? ನಾನು ಅವನಿಗೆ ಕೊಟ್ಟ ಬಿಲ್ಲಿನಲ್ಲಿ ಬರೆದಿದ್ದದ್ದು 'ಚಾಸಿ ಕೆಲಸ' ಎಂಬ ಎರಡು ಪದ. ಅವತ್ತಿನಿಂದ ಬಿಲ್ಲಿನಲ್ಲಿ ಎಲ್ಲ ಬರೆಯುತ್ತೇನೆ: ಏನು ಬದಲಿಸಿದೆ, ಏನು ನೇರ ಮಾಡಿದೆ, ಏನು ಮುಟ್ಟಲಿಲ್ಲ. ನೀವೂ ಕೇಳಿ ಬರೆಸಿಕೊಳ್ಳಿ. ಗಾಡಿ ಮಾರುವಾಗ ಆ ಕಾಗದವನ್ನೂ ಕೊಡಿ. ಬೆಲೆ ಎರಡು ಸಾವಿರ ಕಡಿಮೆಯಾಗಬಹುದು, ಆಗಲಿ.

ಬಿಡುವುದೇ ಎಂದು ತೀರ್ಮಾನವಾದರೆ ಬಿಡುವುದನ್ನೂ ಸರಿಯಾಗಿ ಮಾಡಿ. ಆರ್‌ಸಿ ಕೈಯಲ್ಲಿಟ್ಟುಕೊಂಡು ಗಾಡಿಯನ್ನು ಗುಜರಿಯವರಿಗೆ ಕೊಟ್ಟು ಬಂದರೆ ಮುಗಿಯಲಿಲ್ಲ. ಅದು ಯಾರದೋ ಕೈಯಲ್ಲಿ ಎದ್ದು ನಿಂತು, ಯಾರಿಗೋ ಗುದ್ದಿದರೆ ನೋಟಿಸು ಬರುವುದು ನಿಮ್ಮ ಮನೆಗೆ. ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗಿ ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿದ್ದ ನವೀನ್ ಕುಮಾರ್ ಪ್ರಕರಣದಲ್ಲಿ, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಪರಿಹಾರದ ಹೊಣೆಯ ಮಟ್ಟಿಗೆ ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು. ಮಾರಿದರೆ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ, ಹೆಸರು ಬದಲಾಯಿತೇ ಎಂದು ಫೋನಿನಲ್ಲೇ ನೋಡಿಕೊಳ್ಳಿ. ಇನ್ನು ಓಡದ ಗಾಡಿಯಾದರೆ 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಅದಕ್ಕೂ ಹದಿನಾಲ್ಕೇ ದಿನ, ನೋಂದಣಿ ರದ್ದು ಮಾಡಿಸಿ. 2021ರ ನಿಯಮದ ಪ್ರಕಾರ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಗಳಿವೆ. ಅಲ್ಲಿ ಕೊಟ್ಟರೆ 'ಸರ್ಟಿಫಿಕೇಟ್ ಆಫ್ ಡೆಪಾಸಿಟ್' ಎಂಬ ಪತ್ರ ಸಿಗುತ್ತದೆ. ಸತ್ತ ಗಾಡಿ ಸತ್ತೇ ಇರಲಿ, ಇನ್ನೊಬ್ಬರ ಕೈ ಜೋಳಿಗೆಗೆ ಹಾಕಲು ಮತ್ತೆ ಹುಟ್ಟಿ ಬರಬಾರದು.

ಕೊನೆಗೆ, ಗಾಡಿಯ ಬಗ್ಗೆ ಇಷ್ಟು ಬರೆದವನು ನಿಮ್ಮ ಬಗ್ಗೆ ಒಂದು ಸಾಲು ಬರೆಯದಿದ್ದರೆ ತಪ್ಪಾಗುತ್ತದೆ. ರಾಜ್ಯ ಸರ್ಕಾರ 2023ರಲ್ಲಿ ನಿಮ್ಮಂಥವರಿಗೆ ಜೀವವಿಮೆ 2 ಲಕ್ಷ, ಅಪಘಾತ ವಿಮೆ 2 ಲಕ್ಷ ಎಂದು ಯೋಜನೆ ತಂದಿತು. ಹೆಸರು ನೋಂದಾಯಿಸಿದ್ದೀರಾ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೀರಿ. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಗಾಡಿಯ ಪಾಲಿಸಿಯಲ್ಲಿ ಮಾಲೀಕ ಚಾಲಕರಿಗೆ 15 ಲಕ್ಷದ ಅಪಘಾತ ವಿಮೆ ಸೇರಿದೆಯೇ ನೋಡಿ. ಅದು ಪ್ರಾಣ ಹೋದರೆ, ಶಾಶ್ವತವಾಗಿ ಅಂಗ ಊನವಾದರೆ ಮಾತ್ರ. ಆಸ್ಪತ್ರೆ ಖರ್ಚಿಗೆ ಬೇರೆಯೇ ಬೇಕು.

ನಾನು ಒಬ್ಬನೇ ಇದ್ದಾಗ ದಾರದ ಪರೀಕ್ಷೆ ಮಾಡುವುದಿಲ್ಲ. ಹಿಂದಿನ ಟಯರಿನ ಹತ್ತಿರ ದಾರ ಹಿಡಿಯಲು ಯಾರಾದರೂ ಬೇಕು. ನನ್ನ ಹುಡುಗರನ್ನು ಕರೆಯಬಹುದು, ಕರೆಯುವುದಿಲ್ಲ. ಗಾಡಿಯ ಮಾಲೀಕರನ್ನೇ ಕೂರಿಸುತ್ತೇನೆ. ಒಂದು ತುದಿ ಅವರ ಕೈಯಲ್ಲಿದ್ದಾಗ, ಸಂದು ಎಷ್ಟಿದೆ ಎಂದು ನಾನು ಹೇಳಬೇಕಾಗಿಯೇ ಬರುವುದಿಲ್ಲ. ಮುಂದಿನ ಸಲ ಬಿದ್ದರೆ, ಬೀಳದಿರಲಿ, "ಸಂಜಿಗೆ ಕೊಡ್ರಿ" ಎನ್ನುವ ಮೊದಲು ಒಂದು ಹತ್ತು ನಿಮಿಷ ಕುಕ್ಕರುಗಾಲಿನಲ್ಲಿ ಕೂತು ಆ ತುದಿ ಹಿಡಿಯಿರಿ. ಉಳಿದದ್ದನ್ನು ಚಹಾ ಕುಡಿಯುತ್ತ ಲೆಕ್ಕ ಹಾಕೋಣ.

ನಿಮ್ಮ
ಗ್ಯಾರೇಜಿನ ಅಣ್ಣ
ಬೆಂಗಳೂರು